ಬೇಲಿಯಾಚೆಯ ಹೂವು

ಸುಬ್ಬಯ್ಯನವರು ಕಾಳುಮೆಣಸು ಕೊಯ್ಯುವ ಏಣಿಯಿಂದ ಬಿದ್ದ ಸುದ್ದಿ ಪಕ್ಕದ ಮನೆಯ ಕಾರ್ಮಿನ್ ಬಾಯಮ್ಮನಿಗೆ ಗೊತ್ತಾಗುವ ಹೊತ್ತಿಗೆ ಅವರನ್ನು ಜೀಪಿನಲ್ಲಿ ಮಲಗಿಸಿ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿಯಾಗಿತ್ತು. ಸೊಂಟದ ಮೂಳೆ ಮುರಿದಿದೆಯಂತೆ, ಆಪರೇಷನ್ ಆಗಬೇಕಂತೆ, ಒಂದು ತಿಂಗಳು ಏಳುವ ಹಾಗಿಲ್ಲವಂತೆ ಎಂದು ಹಾಲಿನ ಡೈರಿಯಲ್ಲಿ ಪ್ರೇಮಕ್ಕ ಹೇಳಿದಳು. ಕಾರ್ಮಿನ್ ಹಾಲಿನ ಕ್ಯಾನು ಕೆಳಗಿಟ್ಟು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ಮನೆಗೆ ಬಂದು ಗಂಡನಿಗೆ ಹೇಳಿದಾಗ ಗ್ರೆಗರಿ ಪೇಪರಿನಿಂದ ತಲೆ ಎತ್ತಲಿಲ್ಲ.

“ಹೌದಾ,” ಎಂದ. ಅಷ್ಟೇ.

ಅವನು ಹಾಗೆ ಅಂದದ್ದಕ್ಕೆ ಕಾರಣವಿತ್ತು. ಅದು ೨೦೦೪ರ ಫೆಬ್ರವರಿ. ಅದಕ್ಕೂ ಎರಡು ವರ್ಷದಿಂದ ಮೇಗುಂದದ ಸುತ್ತಮುತ್ತ ಯಾರ ಬಾಯಲ್ಲಿ ನೋಡಿದರೂ ವೆನಿಲ್ಲಾದ್ದೇ ಮಾತು. ಹಸಿ ಕಾಯಿಗೆ ಕಿಲೋ ಮೂರು ಸಾವಿರ ದಾಟಿತ್ತು. ಹಿತ್ತಲಲ್ಲಿ ನಾಲ್ಕು ಗೊಬ್ಬರದ ಗಿಡ ಇದ್ದವರೂ ಅದಕ್ಕೆ ಬಳ್ಳಿ ಹಬ್ಬಿಸಿದರು. ಬಳ್ಳಿಯ ತುಂಡನ್ನು ಮೀಟರ್ ಲೆಕ್ಕದಲ್ಲಿ ಸೀರೆಯ ಹಾಗೆ ಅಳೆದು ಮಾರಿದರು. ಬೆಲೆ ಬಂದ ಹಿಂದೆಯೇ ಕಳ್ಳರೂ ಬಂದರು. ಕಾಯಿ ಬಲಿಯುವ ಮೊದಲೇ ರಾತ್ರೋರಾತ್ರಿ ಗೊನೆ ಗೊನೆಯೇ ಮಾಯವಾಗುತ್ತಿತ್ತು. ಅದಕ್ಕೆ ಬೆಳೆಗಾರರು ಒಂದು ಉಪಾಯ ಮಾಡಿದ್ದರು. ಬಾಟ್ಲಿಯ ಬಿರಡೆಗೆ ಗುಂಡುಸೂಜಿಗಳನ್ನು ಅಕ್ಷರದ ಆಕಾರದಲ್ಲಿ ಚುಚ್ಚಿ, ಎಳೆ ಕಾಯಿಯ ಮೇಲೆ ಒತ್ತುವುದು. ಕಾಯಿ ಬೆಳೆದ ಹಾಗೆ ಗಾಯವೂ ಬೆಳೆದು ಯಜಮಾನನ ಹೆಸರು ಹಚ್ಚೆಯ ಹಾಗೆ ಉಳಿಯುತ್ತಿತ್ತು. ಗ್ರೆಗರಿ ಮಿನೇಜಸ್ ತನ್ನ ಕಾಯಿಗೆ ‘ಗ್ರೆ’ ಎಂದು ಒತ್ತಿದ್ದ. ಪಕ್ಕದ ಜಮೀನಿನ ಸುಬ್ಬಯ್ಯನವರ ಕಾಯಿಯಲ್ಲಿ ‘ಸು’ ಇತ್ತು.

ಕಳೆದ ನವೆಂಬರಿನಲ್ಲಿ ‘ಸು’ ಇದ್ದ ಕಾಯಿಗಳು ಕಳುವಾದವು. ಎರಡು ದಿನ ಬಿಟ್ಟು ಒಂದು ಭಾನುವಾರ, ಗ್ರೆಗರಿಯ ಮನೆಯಲ್ಲಿ ನಾಲ್ಕು ಜನ ನೆಂಟರು ಊಟಕ್ಕೆ ಕೂತಿದ್ದಾಗ, ಸುಬ್ಬಯ್ಯನವರು ಇಬ್ಬರನ್ನು ಕರೆದುಕೊಂಡು ಬಂದರು. “ಗ್ರೆಗರಿ, ಒಂದ್ಸಲ ನಿನ್ ಕಾಯಿ ನೋಡ್ಬೇಕಲ್ಲ ಮಾರಾಯ,” ಎಂದು ಒಳಗೆ ನಡೆದೇ ಬಿಟ್ಟರು. ಕೋಣೆಯಲ್ಲಿ ಗೋಣಿಯ ಮೇಲೆ ಹರಡಿದ್ದ ಕಾಯಿಯನ್ನು ಮೂವರೂ ಸೇರಿ ಮಗುಚಿ ಹಾಕಿ, ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದರು. ಎಲ್ಲದರಲ್ಲೂ ‘ಗ್ರೆ’ ಇತ್ತು. ಸುಬ್ಬಯ್ಯನವರು ಎದ್ದು ಪಂಚೆ ಕೊಡವಿಕೊಂಡು, ಏನೂ ಹೇಳದೆ ಹೋದರು. ನೆಂಟರು ತಟ್ಟೆ ನೋಡುತ್ತ ಕೂತಿದ್ದರು. ಇಪ್ಪತ್ತೆರಡು ವರ್ಷ ಕಾಫಿ ಎಸ್ಟೇಟಿನಲ್ಲಿ ರೈಟರ್ ಕೆಲಸ ಮಾಡಿ, ಒಂದು ದಿನವೂ ಹಾಜರಿ ಪುಸ್ತಕದಲ್ಲಿ ಸುಳ್ಳು ಬರೆಯದ ಗ್ರೆಗರಿ ಆ ಮಧ್ಯಾಹ್ನ ಊಟ ಬಿಟ್ಟು ಎದ್ದ. ಅಂದಿನಿಂದ ಎರಡು ಮನೆಗಳ ನಡುವೆ ಮಾತಿರಲಿಲ್ಲ. ಸುಬ್ಬಯ್ಯನವರು ತಮ್ಮ ವೆನಿಲ್ಲಾ ತಾಕಿಗೆ ಮುಳ್ಳುತಂತಿ ಸುತ್ತಿ, ಗೇಟಿಗೆ ಬೀಗ ಜಡಿದರು.

ಈಗ ಆ ಬೀಗದ ಒಳಗೆ ಹೂವು ಅರಳತೊಡಗಿತ್ತು.

ವೆನಿಲ್ಲಾ ಹೂವಿನ ಸಂಗತಿ ಬಲ್ಲವರಿಗೆ ಅದರ ಅರ್ಥ ಗೊತ್ತು. ಹೂವು ಬೆಳಗ್ಗೆ ಅರಳಿದರೆ ಮಧ್ಯಾಹ್ನಕ್ಕೆ ಬಾಡುತ್ತದೆ. ಅದನ್ನು ಕಾಯಿ ಕಟ್ಟಿಸುವ ದುಂಬಿ ನಮ್ಮ ಸೀಮೆಯಲ್ಲಿಲ್ಲ. ಮನುಷ್ಯರೇ ಒಂದೊಂದು ಹೂವಿನ ಮುಂದೆ ನಿಂತು, ಹಲ್ಲುಕಡ್ಡಿಯಂಥ ಸಪೂರ ಕಡ್ಡಿಯಿಂದ ಒಳಗಿನ ತೆಳು ಪೊರೆಯನ್ನು ಮೇಲೆತ್ತಿ, ಗಂಡು ಭಾಗವನ್ನು ಹೆಣ್ಣು ಭಾಗಕ್ಕೆ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಬೇಕು. ತಪ್ಪಿದರೆ ಹೂವು ಮರುದಿನ ಉದುರಿತು ಎಂದೇ ಲೆಕ್ಕ. ಈ ಕೆಲಸಕ್ಕೆ ಕೈ ಪಳಗಿದ ಹೆಂಗಸರು ಊರಲ್ಲಿ ನಾಲ್ಕೈದು ಜನ ಇದ್ದರು. ಅವರೆಲ್ಲ ದೊಡ್ಡ ಜಮೀನಿನವರಿಗೆ ಮೊದಲೇ ಒಪ್ಪಿಕೊಂಡಾಗಿತ್ತು. ಉಳಿದವಳು ಕಾರ್ಮಿನ್. ಶೃಂಗೇರಿಯ ಕಾನ್ವೆಂಟಿನಲ್ಲಿ ಸಿಸ್ಟರ್ ಎಮಿಲ್ಡಾ ಎನ್ನುವವರು ನಡೆಸಿದ ಮೂರು ದಿನದ ಶಿಬಿರದಲ್ಲಿ ಅವಳು ಇದನ್ನು ಕಲಿತಿದ್ದಳು. ಒಂದು ಬೆಳಗ್ಗೆ ಏಳೆಂಟು ನೂರು ಹೂವಿಗೆ ಕೈ ಹಾಕುತ್ತಿದ್ದಳು. ಅವಳದೇ ನೂರೈವತ್ತು ಬಳ್ಳಿಗಳಿಗೆ ಅಷ್ಟು ಹೊತ್ತು ಸರಿಯಾಗಿ ಸಾಕಾಗುತ್ತಿತ್ತು.

ಸುಬ್ಬಯ್ಯನವರು ಬಿದ್ದ ಮೂರನೆಯ ದಿನ ಅವಳು ಹುಲ್ಲು ಕೊಯ್ಯಲು ಬೇಲಿಯ ಹತ್ತಿರ ಹೋದಳು. ಮುಳ್ಳುತಂತಿಯ ಆಚೆ, ಹಸಿರು ನೆರಳಿನ ಬಲೆಯ ಕೆಳಗೆ, ತೆಳು ಹಳದಿಯ ಹೂವುಗಳು ಬಳ್ಳಿ ಬಳ್ಳಿಯಲ್ಲೂ ಅರಳಿ ನಿಂತಿದ್ದವು. ಕೆಳಗೆ ತರಗೆಲೆಯ ಮೇಲೆ ಹಿಂದಿನ ಎರಡು ದಿನದವು ಬಿದ್ದು ಕಂದಿದ್ದವು. ಅವಳು ಹುಲ್ಲು ಕೊಯ್ಯದೆ ಸ್ವಲ್ಪ ಹೊತ್ತು ಹಾಗೇ ನಿಂತಳು. ಅನ್ನ ಚೆಲ್ಲಿದ್ದನ್ನು ನೋಡಿದ ಹಾಗೆ ಆಯಿತು ಅವಳಿಗೆ.

ಅಂದು ಸಂಜೆ ಸುಬ್ಬಯ್ಯನವರ ಹೆಂಡತಿ ಗಿರಿಯಮ್ಮ ಬಟ್ಟೆಬರೆ ಒಯ್ಯಲು ಆಸ್ಪತ್ರೆಯಿಂದ ಬಂದಿದ್ದರು. ಬೆಳಗಿನ ಮೊದಲ ಬಸ್ಸಿಗೆ ಮತ್ತೆ ಹೊರಡುವವರು. ಮಗಳು ನಯನ ನರಸಿಂಹರಾಜಪುರದಲ್ಲಿ ಎಂಟು ತಿಂಗಳ ಬಸುರಿ. ಅವಳನ್ನು ಕರೆಸುವ ಹಾಗಿರಲಿಲ್ಲ. ಕಾರ್ಮಿನ್ ಒಂದು ಪಾತ್ರೆಯಲ್ಲಿ ಗಂಜಿ, ಚಟ್ನಿ ತೆಗೆದುಕೊಂಡು ಹೋದಳು. ಮೂರು ತಿಂಗಳ ನಂತರ ಆ ಮೆಟ್ಟಿಲು ಹತ್ತುತ್ತಿದ್ದಳು.

ಗಿರಿಯಮ್ಮ ಗಂಜಿ ಉಂಡು ಮುಗಿಸುವವರೆಗೂ ಇಬ್ಬರೂ ಆಸ್ಪತ್ರೆಯದ್ದೇ ಮಾತಾಡಿದರು. ಆಮೇಲೆ ಕಾರ್ಮಿನ್ ಕೇಳಿದಳು.

“ಗಿರಿಯಮ್ಮ, ನಿಮ್ಮ ಹೂವು ಬಿಟ್ಟಿದೆ. ನೋಡಿದಿರಾ?”

“ಹೂವು ಕಟ್ಕೊಂಡು ಎಂತ ಮಾಡ್ಲಿ ಬಾಯಮ್ಮ. ಅವ್ರು ಎದ್ದು ಕೂತ್ರೆ ಸಾಕಾಗಿದೆ ನಂಗೆ.”

“ಗೇಟಿನ ಕೀ ಕೊಟ್ಟು ಹೋಗಿ. ನೀವು ಬರೋ ತನಕ ನಾನು ನೋಡ್ಕೊಳ್ತೇನೆ.”

ಗಿರಿಯಮ್ಮ ಖಾಲಿ ಪಾತ್ರೆ ಕೆಳಗಿಟ್ಟರು. “ನಿಂದೂ ಹೂವು ಬಿಟ್ಟಿರ್ಬೇಕಲ್ಲ.”

“ಬಿಟ್ಟಿದೆ.”

“ಹಂಗಾದ್ರೆ?”

“ನಿಮ್ಮದು ಮೂಡು ದಿಕ್ಕಿಗೆ ಇದೆ, ಬಿಸಿಲು ಬೇಗ ಬೀಳ್ತದೆ. ಅದನ್ನ ಮೊದಲು ಮಾಡಿ ಆಮೇಲೆ ನಮ್ಮದಕ್ಕೆ ಹೋಗ್ತೇನೆ. ಆದಷ್ಟು ಆಗ್ತದೆ.”

ಗಿರಿಯಮ್ಮನ ಕಣ್ಣಲ್ಲಿ ನೀರು ಬಂತು. ಅವರು ಅದನ್ನು ಒರೆಸಿಕೊಳ್ಳಲಿಲ್ಲ. “ಅವತ್ತು ಅವ್ರು ನಿಮ್ಮನೆಗೆ ಬಂದಿದ್ದು ನಂಗೆ ಗೊತ್ತಿರ್ಲಿಲ್ಲ ಬಾಯಮ್ಮ. ಗೊತ್ತಾದ್ಮೇಲೆ ಎರಡು ದಿನ ನಾನೂ ಅವ್ರಿಗೆ ಮಾತಾಡ್ಲಿಲ್ಲ. ಕೀ ನಿಂಗೆ ಕೊಟ್ಟೆ ಅಂತ ಗೊತ್ತಾದ್ರೆ ಎಂತ ಹೇಳ್ತಾರೋ.”

“ಹೇಳೋಕೆ ಅವರು ಎದ್ದು ಬರಲಿ ಮೊದಲು,” ಎಂದಳು ಕಾರ್ಮಿನ್.

ಗಿರಿಯಮ್ಮ ಸೊಂಟದ ಗೊಂಚಲಿನಿಂದ ಕೀ ಬಿಚ್ಚಿ ಅವಳ ಅಂಗೈಯಲ್ಲಿಟ್ಟರು.

ಮನೆಯಲ್ಲಿ ಗ್ರೆಗರಿಗೆ ಇದು ಗೊತ್ತಾದಾಗ ಅವನು ಕೂಗಾಡಲಿಲ್ಲ. ಅವನದು ಆ ಸ್ವಭಾವವಲ್ಲ. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಎಸ್ಟೇಟಿನ ಮ್ಯಾನೇಜರಿಗೆ ವರದಿ ಕೊಡುವವನ ಹಾಗೆ ನಿಧಾನವಾಗಿ ಹೇಳಿದ. ಈ ಒಂದು ಕೊಯ್ಲು ಚೆನ್ನಾಗಿ ಬಂದರೆ ಭಂಡಿಗಡಿಯ ಹತ್ತಿರ ಎರಡು ಎಕರೆ ಕೊಳ್ಳಬಹುದು. ರೈಟರ್ ಕೆಲಸ ಬಿಡಬಹುದು. ಮಗಳು ಜೋಯ್ಲಿನ್ ಶೃಂಗೇರಿಯ ಹಾಸ್ಟೆಲಿನಲ್ಲಿದ್ದಾಳೆ, ಮುಂದಿನ ವರ್ಷ ನರ್ಸಿಂಗಿಗೆ ಸೇರಬೇಕು. ಇದೆಲ್ಲ ನಿನಗೆ ಗೊತ್ತಿಲ್ಲವಾ?

“ಗೊತ್ತಿದೆ,” ಎಂದಳು.

“ನಮ್ಮ ಹೂವು ಉದುರ್ತದೆ, ಕಾರ್ಮಿನ್.”

“ಸ್ವಲ್ಪ ಉದುರ್ತದೆ.”

“ದೇವರು ನಮಗೆ ಅಂತ ಕೊಟ್ಟದ್ದನ್ನ ನೆಲಕ್ಕೆ ಬೀಳಿಸಿ ಬೇರೆಯವರದ್ದು ನೋಡು ಅಂತ ಯಾವ ಪಾದ್ರಿ ಹೇಳಿದ್ದಾರೆ?”

ಕಾರ್ಮಿನ್ ಒಲೆಯ ಮುಂದಿನಿಂದ ಎದ್ದು ಬಂದು ಅವನೆದುರು ಕೂತಳು. “ನಮ್ಮ ಮೊದಲ ಬಳ್ಳಿ ಎಲ್ಲಿಂದ ಬಂತು ಹೇಳಿ. ಮೀಟರಿಗೆ ಇಷ್ಟು ಅಂತ ಊರೆಲ್ಲ ಮಾರುವಾಗ ಸಿಸ್ಟರ್ ಎಮಿಲ್ಡಾ ಹತ್ತು ತುಂಡು ಸುಮ್ಮನೆ ಕೊಟ್ಟರು. ಒಂದು ರೂಪಾಯಿ ಕೇಳಲಿಲ್ಲ. ಆ ಹತ್ತೇ ಈಗ ನೂರೈವತ್ತು. ಸೂಜಿಯಿಂದ ನಮ್ಮ ಹೆಸರು ಒತ್ತಿದ ಮಾತ್ರಕ್ಕೆ ನಮ್ಮದಾಗ್ತದಾ? ದಿನಾ ರಾತ್ರಿ ಮೊಣಕಾಲೂರಿ, ಇವತ್ತಿನ ಅನ್ನ ಇವತ್ತು ಕೊಡು ಅಂತ ಕೇಳ್ತೇವೆ. ಕೊಡ್ತಾನೆ ಅಂತ ನಂಬಿಕೆ ಇಲ್ಲದಿದ್ದರೆ ಕೇಳುವುದು ಯಾಕೆ?”

“ನಿನಗೆ ಆ ಮನುಷ್ಯನ ಮೇಲೆ ಸಿಟ್ಟೇ ಇಲ್ಲವಾ?”

“ಇದೆ. ಗೋಣಿ ಮಗುಚಿದ್ದು ಈಗಲೂ ಮರೆತಿಲ್ಲ. ಸಿಟ್ಟು ಹೋದ ಮೇಲೆ ಹೋಗ್ತೇನೆ ಅಂದರೆ ಹೂವು ಕಾಯ್ತದಾ? ಸಿಟ್ಟು ಇಟ್ಟುಕೊಂಡೇ ಹೋಗ್ತೇನೆ.”

ಗ್ರೆಗರಿಗೆ ಇದು ಒಪ್ಪಿಗೆಯಾಗಲಿಲ್ಲ. ಎದ್ದು ದನಕ್ಕೆ ಹುಲ್ಲು ಹಾಕಲು ಹೋದ.

ಮರುದಿನ ಆರೂವರೆಗೆ ಕಾರ್ಮಿನ್ ಆ ಗೇಟಿನ ಬೀಗ ತೆಗೆದಳು. ಮಂಜು ಇನ್ನೂ ಹರಿದಿರಲಿಲ್ಲ. ತಲೆಗೆ ಟವೆಲು ಕಟ್ಟಿಕೊಂಡು, ಕಡ್ಡಿಯನ್ನು ಬೆರಳ ನಡುವೆ ಹಿಡಿದು ಮೊದಲ ಸಾಲಿನಿಂದ ಶುರು ಮಾಡಿದಳು. ಎಡಗೈಯಲ್ಲಿ ಹೂವನ್ನು ಹಿಡಿಯುವುದು, ದಳ ಸರಿಸುವುದು, ಪೊರೆ ಎತ್ತುವುದು, ಒತ್ತುವುದು. ಮುಂದಿನದು. ಬಾಯಲ್ಲಿ ಜಪಮಾಲೆಯ ಪ್ರಾರ್ಥನೆ ನಡೆಯುತ್ತಿತ್ತು. ಒಂದು ಪ್ರಾರ್ಥನೆಗೆ ಮೂರು ಹೂವು ಮುಗಿಯುತ್ತಿತ್ತು. ಮೊದಲ ದಿನ ಅವಳಿಗೆ ಆ ಹೂವುಗಳ ನಡುವೆ ಸುಬ್ಬಯ್ಯನವರ ಪಂಚೆ ಕೊಡವುವ ಕೈಯೇ ಕಾಣುತ್ತಿತ್ತು. ನಾಲ್ಕನೆಯ ದಿನದ ಹೊತ್ತಿಗೆ ಹೂವು ಮಾತ್ರ ಕಂಡಿತು.

ಒಂಬತ್ತೂವರೆಗೆ ಅಲ್ಲಿ ಮುಗಿಸಿ ಓಡಿ ಬಂದು ತಮ್ಮ ಬಳ್ಳಿಗೆ ಕೈ ಹಾಕಿದರೆ ಹನ್ನೊಂದಕ್ಕೆ ಹೂವು ಮುದುಡತೊಡಗುತ್ತಿತ್ತು. ಕಾಲು ಭಾಗ ಆಗುತ್ತಿತ್ತು, ಉಳಿದದ್ದು ಹೋಗುತ್ತಿತ್ತು. ಸಂಜೆ ಎಸ್ಟೇಟಿನಿಂದ ಬಂದ ಗ್ರೆಗರಿ ಮಾತಿಲ್ಲದೆ ಬಳ್ಳಿಯ ಸಾಲುಗಳ ನಡುವೆ ನಡೆದು, ಬಿದ್ದ ಹೂವುಗಳನ್ನು ನೋಡಿ ಬರುತ್ತಿದ್ದ. ಎಂಟನೆಯ ದಿನ ಅವನಿಗೆ ತಡೆಯಲಾಗಲಿಲ್ಲ. ಬೆಳಗ್ಗೆ ಎದ್ದವನು ಎಸ್ಟೇಟಿಗೆ ರಜೆ ಹೇಳಿ ಕಳಿಸಿ, ಸೀದಾ ಮುಳ್ಳುತಂತಿಯ ಗೇಟಿಗೆ ಹೋದ. ಅವಳನ್ನು ಕೈ ಹಿಡಿದು ಎಳೆದುಕೊಂಡು ಬರುವುದು ಎಂದೇ ಹೊರಟಿದ್ದ.

ಗೇಟಿನ ಬಳಿ ನಿಂತು ನೋಡಿದ. ಕಾರ್ಮಿನ್ ಅವನನ್ನು ಕಂಡಿರಲಿಲ್ಲ. ಒಂದು ಎತ್ತರದ ಗೊನೆಗೆ ಅವಳ ಕೈ ಎಟುಕುತ್ತಿರಲಿಲ್ಲ. ತುದಿಗಾಲಲ್ಲಿ ನಿಂತು ಪ್ರಯತ್ನಿಸಿ, ಆಗದೆ, ಸುತ್ತ ನೋಡಿ, ಒಂದು ಕಲ್ಲು ಉರುಳಿಸಿಕೊಂಡು ಬಂದು ಅದರ ಮೇಲೆ ಹತ್ತಿದಳು. ಕಲ್ಲು ಅಲುಗಿತು. ಇಳಿದು ಮತ್ತೆ ಸರಿಯಾಗಿ ಇಟ್ಟು ಹತ್ತಿದಳು. ಆ ಗೊನೆಯಲ್ಲಿ ಅರಳಿದ್ದದ್ದು ಒಂದೇ ಹೂವು. ಯಾರೂ ನೋಡದ ಕಡೆ, ಯಾರೂ ಕೇಳದ ಒಂದು ಹೂವನ್ನು ಬಿಟ್ಟು ಮುಂದೆ ಹೋಗಿದ್ದರೆ ಲೋಕದಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಗ್ರೆಗರಿ ಹಾಜರಿ ಪುಸ್ತಕದ ಮನುಷ್ಯ. ಸರಿಯಾಗಿ ಮಾಡಿದ ಕೆಲಸ ಯಾವುದು ಎಂದು ಅವನಿಗೆ ಬೇರೆಯವರು ಹೇಳಿಕೊಡಬೇಕಿರಲಿಲ್ಲ. ಅವನು ಗೇಟಿನಿಂದಲೇ ಹಿಂದಿರುಗಿದ.

ಒಂಬತ್ತೂವರೆಗೆ ಕಾರ್ಮಿನ್ ಓಡಿ ಬಂದಾಗ ಗಂಡ ತಮ್ಮ ಬಳ್ಳಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಕನ್ನಡಕ ಮೂಗಿನ ತುದಿಗೆ ಇಳಿಸಿ, ಒಂದು ಹೂವಿನೊಂದಿಗೆ ಗುದ್ದಾಡುತ್ತಿದ್ದ. ಅವನ ದಪ್ಪ ಬೆರಳಲ್ಲಿ ಹೂವು ಹರಿದು ಎರಡಾಗಿತ್ತು. ಸುತ್ತ ಅಂಥವು ಹತ್ತಿಪ್ಪತ್ತು ಬಿದ್ದಿದ್ದವು.

“ಎಷ್ಟು ಆಯಿತು?” ಎಂದಳು.

“ಸರಿಯಾಗಿ ಆದದ್ದು ಆರೋ ಏಳೋ. ಕೊಲೆ ಮಾಡಿದ್ದು ಲೆಕ್ಕ ಇಲ್ಲ,” ಎಂದ. ಆಮೇಲೆ ತಲೆ ಎತ್ತದೆ, “ಹೆಬ್ಬೆರಳು ಎಲ್ಲಿ ಇಡಬೇಕು ತೋರಿಸು,” ಎಂದ.

ಅವಳು ಪಕ್ಕದಲ್ಲಿ ಕೂತು ಅವನ ಬೆರಳು ಹಿಡಿದು ತೋರಿಸಿದಳು. ಆ ವಾರ ಗ್ರೆಗರಿ ಇನ್ನೂ ಮೂರು ರಜೆ ಹಾಕಿದ. ಕೊನೆಗೆ ಬೆಳಗ್ಗೆ ಕೆಲಸಕ್ಕೆ ಹೋಗುವ ಮೊದಲು ಐವತ್ತು ಅರವತ್ತು ಹೂವು ಮಾಡುವಷ್ಟು ಕೈ ಬಂತು. ಅದು ಸಾಲುವಂಥದ್ದೇನೂ ಆಗಿರಲಿಲ್ಲ. ಬೇಲಿಯಾಚೆ ಹೂವು ಮುಗಿಯುತ್ತ ಬಂದು ಕಾರ್ಮಿನ್ ಬೆಳಗ್ಗೆಯೇ ತಮ್ಮ ಬಳ್ಳಿಗೆ ಬರುವ ಹೊತ್ತಿಗೆ, ಮೊದಲ ಮೂರು ವಾರದ ಅವರ ಹೂವಿನಲ್ಲಿ ಅರ್ಧಕ್ಕಿಂತ ಹೆಚ್ಚು ಉದುರಿಯೇ ಹೋಗಿತ್ತು. ಆದರೆ ಮನೆಯಲ್ಲಿ ಮೌನ ಮುರಿದಿತ್ತು. ರಾತ್ರಿ ಪ್ರಾರ್ಥನೆಯಲ್ಲಿ ಗ್ರೆಗರಿಯ ದನಿ ಮೊದಲಿನ ಹಾಗೆ ಗಟ್ಟಿಯಾಗಿ ಕೇಳತೊಡಗಿತು.

ಸುಬ್ಬಯ್ಯನವರು ಊರಿಗೆ ಬಂದದ್ದು ಮಾರ್ಚ್ ಮಧ್ಯದಲ್ಲಿ. ಆ ಹೊತ್ತಿಗೆ ಅವರ ಬಳ್ಳಿಗಳಲ್ಲಿ ಬೆರಳುದ್ದದ ಹಸಿರು ಕಾಯಿಗಳು ಗೊಂಚಲು ಗೊಂಚಲಾಗಿ ಇಳಿದಿದ್ದವು. ಕುರ್ಚಿಯಲ್ಲಿ ಕೂರಿಸಿ ಗೇಟಿನವರೆಗೆ ಎತ್ತಿಕೊಂಡು ಬಂದಾಗ ಅವರು ಅದನ್ನು ನೋಡಿ, ಕೂಲಿಗೆ ಯಾರನ್ನು ಕರೆಸಿದ್ದೆ ಎಂದು ಹೆಂಡತಿಯನ್ನು ಕೇಳಿದರಂತೆ. ಗಿರಿಯಮ್ಮ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಮರುದಿನ ಸುಬ್ಬಯ್ಯನವರು ತಮ್ಮ ಕೆಲಸದ ಆಳು ಗುರುವನನ್ನು ಕರೆದು, ಗೇಟಿನ ಬೀಗ ತೆಗೆದು ಹಾಕು ಎಂದರು. ಗ್ರೆಗರಿಯ ಮನೆಗೆ ಮಾತ್ರ ಬರಲಿಲ್ಲ. ಗಿರಿಯಮ್ಮ ಬರುತ್ತಿದ್ದರು, ಹಲಸಿನ ಹಪ್ಪಳ ತರುತ್ತಿದ್ದರು. “ಅವ್ರಿಗೆ ಬರ್ಬೇಕು ಅಂತಿದೆ ಬಾಯಮ್ಮ. ನಾಲಿಗೆ ಏಳಲ್ಲ,” ಎನ್ನುತ್ತಿದ್ದರು. ಕಾರ್ಮಿನ್ ಒತ್ತಾಯ ಮಾಡಲಿಲ್ಲ. ಆ ವರ್ಷ ಮಗಳು ನಯನಳಿಗೆ ಹೆಣ್ಣು ಮಗುವಾಯಿತು. ಕಾರ್ಮಿನ್ ನರಸಿಂಹರಾಜಪುರದವರೆಗೆ ಬಸ್ಸಿನಲ್ಲಿ ಹೋಗಿ ಮಗುವಿಗೆ ಒಂದು ಉಣ್ಣೆಯ ಟೊಪ್ಪಿ ಕೊಟ್ಟು ಬಂದಳು.

ನಿಜವಾದ ಪರೀಕ್ಷೆ ಬಂದದ್ದು ನವೆಂಬರಿನಲ್ಲಿ.

ಮೊದಲು ಅರಳಿದ ಹೂವಿನ ಕಾಯಿ ಮೊದಲು ಬಲಿಯುತ್ತದೆ. ಸುಬ್ಬಯ್ಯನವರ ಮೊದಲ ಮೂರು ವಾರದ ಹೂವಷ್ಟೂ ಕಾಯಿಯಾಗಿದ್ದರಿಂದ ಅವರ ಕೊಯ್ಲು ತಿಂಗಳ ಮೊದಲಲ್ಲೇ ಆಯಿತು. ಕೊಪ್ಪಕ್ಕೆ ಬಂದಿದ್ದ ವ್ಯಾಪಾರಿ ಹಿಂದಿನ ವರ್ಷದಷ್ಟಲ್ಲದಿದ್ದರೂ ಒಳ್ಳೆಯ ಬೆಲೆಗೇ ಕೊಂಡ. ಗ್ರೆಗರಿಯ ಬಳ್ಳಿಯಲ್ಲಿ ಇದ್ದದ್ದು ಹೆಚ್ಚಾಗಿ ಆಮೇಲಿನ ಹೂವಿನ ಕಾಯಿ. ಅದು ಬಲಿಯಲು ಇನ್ನೂ ಮೂರು ವಾರ ಬೇಕಿತ್ತು. ಆ ಮೂರು ವಾರದಲ್ಲಿ ಬೆಲೆ ಬಿತ್ತು. ಹೊರದೇಶದಲ್ಲಿ ಬೇರೆ ಕಡೆಯ ಮಾಲು ಬಂದಿದೆಯಂತೆ ಎಂದರು, ಇನ್ನು ಯಾರಿಗೂ ಬೇಡವಂತೆ ಎಂದರು. ಗ್ರೆಗರಿ ಚೀಲ ಹೊತ್ತು ಕೊಪ್ಪದ ಪೇಟೆಗೆ ಹೋದ ದಿನ ವ್ಯಾಪಾರಿ ಬಾಯಿಬಿಟ್ಟು ಹೇಳಿದ ಬೆಲೆ ಕೇಳಿ ಅವನು ಚೀಲವನ್ನು ವಾಪಸು ತಂದ. ಮುಂದಿನ ವಾರ ಅದಕ್ಕಿಂತ ಕಡಿಮೆಗೆ ಕೊಟ್ಟು ಬಂದ.

ಭಂಡಿಗಡಿಯ ಎರಡು ಎಕರೆಯ ಮಾತು ಅಲ್ಲಿಗೆ ಮುಗಿಯಿತು.

ಜಗಲಿಯ ಮೆಟ್ಟಿಲ ಮೇಲೆ ಖಾಲಿ ಚೀಲ ಮಡಚುತ್ತ ಕೂತ ಗಂಡನ ಹತ್ತಿರ ಕಾರ್ಮಿನ್ ಬಂದು ಕೂತಳು. ಅವನು ಸಿಟ್ಟಿನಿಂದ ಕೇಳಲಿಲ್ಲ, ನಿಜವಾಗಿಯೂ ತಿಳಿಯಲೆಂದೇ ಕೇಳಿದ.

“ಮೊದಲ ಮೂರು ವಾರ ನೀನು ಇಲ್ಲೇ ಇದ್ದಿದ್ದರೆ ನಮ್ಮ ಕಾಯಿ ಒಳ್ಳೆ ಬೆಲೆಗೆ ಹೋಗ್ತಿತ್ತು. ಅಲ್ಲವಾ?”

“ಹೋಗ್ತಿತ್ತು.”

“ನಿನಗೆ ಏನೂ ಅನಿಸುವುದಿಲ್ಲವಾ?”

“ಅನಿಸ್ತದೆ. ಬೆಳಗ್ಗೆ ಕೊಟ್ಟಿಗೆಯಲ್ಲಿ ಅತ್ತೆ. ನಿಮಗೆ ಕಾಣಬಾರದು ಅಂತ ಅಲ್ಲಿ ಹೋದೆ.” ಅವಳು ಚೀಲದ ಇನ್ನೊಂದು ತುದಿ ಹಿಡಿದು ಮಡಚಲು ಸೇರಿಕೊಂಡಳು. “ಆದರೆ ಒಂದು ಕೇಳ್ತೇನೆ ಹೇಳಿ. ಈ ವರ್ಷ ನಾವು ಒಂದು ದಿನ ಹಸಿದು ಮಲಗಿದ್ದೇವಾ? ಜೋಯ್ಲಿನ್ ಹಾಸ್ಟೆಲಿನಿಂದ ವಾಪಸು ಬಂದಳಾ? ನಿಮ್ಮ ಕೆಲಸ ಇದೆ. ದನ ಹಾಲು ಕೊಡ್ತಿದೆ. ಬೆಲೆ ಏಳ್ತದೋ ಬೀಳ್ತದೋ ಅಂತ ಯಾರಿಗೆ ಗೊತ್ತಿತ್ತು? ನಾನು ಬೆಲೆ ನಂಬಿ ಹೋದವಳಲ್ಲ. ಇನ್ನೊಂದು ಸಲ ಆದರೂ ಹೋಗ್ತೇನೆ.”

ಗ್ರೆಗರಿ ಅವಳನ್ನು ನೋಡಿದ. ಇಪ್ಪತ್ತು ವರ್ಷ ಒಟ್ಟಿಗೆ ಬಾಳಿದವಳು ಇಷ್ಟು ಗಟ್ಟಿ ಎಂದು ಅವನಿಗೆ ಈಗಷ್ಟೇ ಗೊತ್ತಾದ ಹಾಗಿತ್ತು.

“ಮುಂದಿನ ಸಲ ನನಗೆ ಮೊದಲೇ ಹೇಳು,” ಎಂದ. “ಕೈ ಪಳಗಿಸಿಕೊಳ್ತೇನೆ.”

ಡಿಸೆಂಬರಿನ ಮೊದಲ ಭಾನುವಾರ ಮಧ್ಯಾಹ್ನ ಸುಬ್ಬಯ್ಯನವರು ಬಂದರು. ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕೈ ಹೆಂಡತಿಯ ಹೆಗಲ ಮೇಲೆ. ಅಂಗಳ ದಾಟಲು ಹತ್ತು ನಿಮಿಷ ಹಿಡಿಯಿತು. ಗ್ರೆಗರಿ ಇಳಿದು ಹೋಗಿ ಅವರ ತೋಳು ಹಿಡಿದು ಮೆಟ್ಟಿಲು ಹತ್ತಿಸಿದ. ಕೂತ ಮೇಲೆ ಅವರು ಉಸಿರು ಸುಧಾರಿಸಿಕೊಂಡು, ಕಾಫಿ ಬರುವ ಮೊದಲೇ ಮಾತು ತೆಗೆದರು. ತಡ ಮಾಡಿದರೆ ಧೈರ್ಯ ಹೋದೀತು ಎಂಬಂತಿತ್ತು.

“ಗ್ರೆಗರಿ, ಹೋದ್ವರ್ಷ ಇದೇ ಮನೇಲಿ, ನೆಂಟ್ರ ಎದ್ರು ನಿನ್ ಗೋಣಿ ಮಗುಚಿದೆ ನಾನು. ಕದ್ದೋನು ಯಾರೋ ಇವತ್ತಿಗೂ ಗೊತ್ತಿಲ್ಲ. ನೀನಲ್ಲ ಅಂತ ಅವತ್ತೇ ಗೊತ್ತಾಯ್ತು. ಅವತ್ತೇ ಹೇಳ್ಬೇಕಿತ್ತು. ತಪ್ಪಾಯ್ತು ಮಾರಾಯ.”

“ಆಯಿತು ಬಿಡಿ ಸುಬ್ಬಯ್ಯನವರೇ,” ಎಂದ ಗ್ರೆಗರಿ. ಹೇಳಿದ ಮೇಲೆ, ಅದು ನಿಜವಾಗಿಯೂ ಆಗಿಹೋಗಿದೆ ಎಂದು ಅವನಿಗೇ ಅನಿಸಿತು.

ಸುಬ್ಬಯ್ಯನವರು ಗಿರಿಯಮ್ಮನ ಕೈಯಿಂದ ಒಂದು ಬಟ್ಟೆಯ ಚೀಲ ತೆಗೆದುಕೊಂಡು ಬೆಂಚಿನ ಮೇಲಿಟ್ಟರು. “ಮೊದಲ್ನೇ ಕೊಯ್ಲಿನ ದುಡ್ಡು. ಅರ್ಧ. ಬಾಯಮ್ಮನ ಕೈಯಲ್ಲಿ ಆಗಿದ್ದು, ಅರ್ಧ ನಿಮ್ದೇ.”

ಗ್ರೆಗರಿ ಚೀಲವನ್ನು ಹಿಂದಕ್ಕೆ ತಳ್ಳಿದ. “ಬೇಡ. ಅವಳು ಕೊಟ್ಟದ್ದು. ಕೊಟ್ಟದ್ದನ್ನ ನಾನು ಮಾರೋಕೆ ಆಗಲ್ಲ.”

“ನಾನು ಕೂಲಿ ಕೊಡ್ತಿಲ್ಲ ಮಾರಾಯ.”

“ಏನೇ ಆಗಲಿ. ಬೇಡ.”

ಚೀಲ ಬೆಂಚಿನ ಮೇಲೆ ಆ ಕಡೆ ಈ ಕಡೆ ಎರಡು ಸಲ ಹೋಯಿತು. ಸುಬ್ಬಯ್ಯನವರ ಮುಖ ಕೆಂಪಾಯಿತು. ನಡೆಯಲಾಗದ ಕಾಲಲ್ಲಿ ಇಷ್ಟು ದೂರ ಬಂದ ಮನುಷ್ಯ ಕೋಲು ಎಳೆದುಕೊಂಡು ಏಳಲು ನೋಡಿದರು. ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ಕಾರ್ಮಿನ್ ಇದನ್ನೆಲ್ಲ ನೋಡುತ್ತಿದ್ದಳು. ಅವಳು ಕಾಫಿ ಕೆಳಗಿಟ್ಟು, ಚೀಲವನ್ನು ಎರಡೂ ಕೈಯಿಂದ ಎತ್ತಿಕೊಂಡಳು.

“ನಾನು ತಗೊಳ್ತೇನೆ,” ಎಂದಳು.

ಗ್ರೆಗರಿ ಬೆರಗಾಗಿ ನೋಡಿದ.

“ಕೊಡುವಾಗ ನನಗೆ ಎಷ್ಟು ಖುಷಿ ಆಯಿತು ಅಂತ ನನಗೆ ಗೊತ್ತು,” ಎಂದಳು ಗಂಡನಿಗೆ. “ಆ ಖುಷಿ ಅವರಿಗೆ ಬೇಡವಾ? ನಾವು ಮಾತ್ರ ಕೊಡುವವರು, ಬೇರೆ ಎಲ್ಲ ತಗೊಳ್ಳುವವರು ಅಂತ ಬರೆದಿದೆಯಾ ಎಲ್ಲಾದರೂ?” ಆಮೇಲೆ ಸುಬ್ಬಯ್ಯನವರ ಕಡೆ ತಿರುಗಿದಳು. “ಜೋಯ್ಲಿನ್‌ಗೆ ನರ್ಸಿಂಗಿಗೆ ಬೇಕಿತ್ತು. ಎಲ್ಲಿಂದ ತರುವುದು ಅಂತ ಗೊತ್ತಿರಲಿಲ್ಲ. ದೇವರು ಕೊಡ್ತಾನೆ ಅಂತ ಮಾತ್ರ ಗೊತ್ತಿತ್ತು. ನಿಮ್ಮ ಕೈಯಿಂದ ಕೊಡ್ತಾನೆ ಅಂತ ಗೊತ್ತಿರಲಿಲ್ಲ.”

ಸುಬ್ಬಯ್ಯನವರು ಮತ್ತೆ ಹಿಂದಕ್ಕೆ ಒರಗಿದರು. ಕಣ್ಣು ಒದ್ದೆಯಾಗಿತ್ತು. “ನರ್ಸ್ ಆದ್ರೆ ಒಳ್ಳೇದೇ ಆಯ್ತು ಬಿಡು,” ಎಂದರು. “ಆಸ್ಪತ್ರೇಲಿ ಒಂದು ಕೇರಳದ ಹುಡುಗಿ ಇದ್ಲು, ಅವ್ಳಿಲ್ದಿದ್ರೆ ನಾನು ನಡೀತಿರ್ಲಿಲ್ಲ. ದಿನಾ ಬೈದು ಬೈದು ನಡೆಸ್ತಿದ್ಲು.” ಗಿರಿಯಮ್ಮ ನಕ್ಕರು. ಆಮೇಲೆ ಎಲ್ಲರೂ ಕಾಫಿ ಕುಡಿದರು. ಆ ಮಧ್ಯಾಹ್ನದ ಉಳಿದ ಮಾತೆಲ್ಲ ನಯನಳ ಮಗುವಿನದ್ದು, ಅದಕ್ಕೆ ಹಲ್ಲು ಬಂದದ್ದು.

ಅವರು ಹೋದ ಮೇಲೆ ಗ್ರೆಗರಿ ಚೀಲ ಬಿಚ್ಚಿ, ಎಣಿಸದೆ, ಮೇಲಿನಿಂದ ಒಂದಿಷ್ಟು ತೆಗೆದು ಬೇರೆ ಇಟ್ಟ. ಇಗರ್ಜಿಗಾ ಎಂದು ಕಾರ್ಮಿನ್ ಕೇಳಿದಳು. ಸ್ವಲ್ಪ ಇಗರ್ಜಿಯ ಕಾಣಿಕೆ ಪೆಟ್ಟಿಗೆಗೆ, ಸ್ವಲ್ಪ ಗುರುವನಿಗೆ ಎಂದ. ಗುರುವನ ಮಾಡಿನ ಹೆಂಚು ಆ ವರ್ಷ ಗಾಳಿಗೆ ಹಾರಿತ್ತು. ಅವನು ಇನ್ನೂ ಪ್ಲಾಸ್ಟಿಕ್ ಹೊದಿಕೆಯ ಕೆಳಗೇ ಮಲಗುವುದು ಗ್ರೆಗರಿಗೆ ಎಸ್ಟೇಟಿನ ದಾರಿಯಲ್ಲಿ ದಿನಾ ಕಾಣುತ್ತಿತ್ತು. ಕಾರ್ಮಿನ್ ಒಳಗೆ ಹೋಗಿ ಗಂಡನಿಗೆ ಎರಡನೆಯ ಸಲ ಕಾಫಿ ಮಾಡಿಕೊಟ್ಟಳು.

೨೦೦೫ರಲ್ಲಿ ಜೋಯ್ಲಿನ್ ನರ್ಸಿಂಗ್ ಕಾಲೇಜಿಗೆ ಸೇರಿದಳು. ವೆನಿಲ್ಲಾ ಬೆಲೆ ಮತ್ತೆ ಏಳಲಿಲ್ಲ. ಊರಿನ ಅನೇಕರು ಬಳ್ಳಿ ಕಿತ್ತು ಹಾಕಿದರು. ಗ್ರೆಗರಿ ರೈಟರ್ ಕೆಲಸದಲ್ಲೇ ಮುಂದುವರಿದ. ಬೇಸರವಿತ್ತಾ ಎಂದರೆ ಸ್ವಲ್ಪ ಇತ್ತು. ಭಂಡಿಗಡಿಯ ಮೇಲೆ ಬಸ್ಸು ಹೋಗುವಾಗ ಆ ಎರಡು ಎಕರೆಯ ಕಡೆ ಅವನ ಕಣ್ಣು ತಾನಾಗಿ ಹೋಗುತ್ತಿತ್ತು. ಆದರೆ ಅವನು ಆ ವರ್ಷ ಎರಡು ಕಿಲೋ ದಪ್ಪಗಾದ ಎಂದು ಎಲ್ಲರೂ ಹೇಳುತ್ತಿದ್ದರು.

ಸೆಪ್ಟೆಂಬರಿನಲ್ಲಿ ಮಾತೆ ಮರಿಯಳ ಹುಟ್ಟುಹಬ್ಬ, ಹೊಸ ತೆನೆಯ ಹಬ್ಬ ಬಂತು. ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ, ಜನ ಕಾಣಿಕೆಯಾಗಿ ತಂದ ಮೊದಲ ಫಲಗಳನ್ನು ಏಲಂ ಹಾಕುವುದು ರೂಢಿ. ಬೂದುಗುಂಬಳ, ಬಾಳೆಗೊನೆ, ಹುಂಜ, ಹೀರೆಕಾಯಿ ಸಾಲಾಗಿ ಮೇಜಿನ ಮೇಲಿದ್ದವು. ಆ ದಿನ ಹೊರಗಿನ ಗೇಟಿನಲ್ಲಿ ಒಂದು ಜೀಪು ನಿಂತಿತು. ಸುಬ್ಬಯ್ಯನವರು ಹೊಸ ಶರಟು ಹಾಕಿ, ಕೋಲೂರಿಕೊಂಡು ಇಳಿದರು. ಜೊತೆಗೆ ಗಿರಿಯಮ್ಮ, ಮಗುವನ್ನು ಎತ್ತಿಕೊಂಡ ನಯನ. ಪಾದ್ರಿಗಳು ಅವರಿಗೆ ಕುರ್ಚಿ ಹಾಕಿಸಿದರು.

ಕಾರ್ಮಿನ್ ತಂದ ಸೌತೆಕಾಯಿ ಏಲಂಗೆ ಬಂತು. ದಪ್ಪಗೆ, ಹಳದಿ ಪಟ್ಟೆಯದು. ಹತ್ತು ರೂಪಾಯಿಯಿಂದ ಶುರುವಾಯಿತು. ಯಾರೋ ಹದಿನೈದು ಎಂದರು. ಹಿಂದಿನಿಂದ ಸುಬ್ಬಯ್ಯನವರ ದನಿ ಕೇಳಿತು.

“ನೂರು.”

ಜನ ತಿರುಗಿ ನೋಡಿದರು. ಇಗರ್ಜಿಯ ಪಾಲನಾ ಸಮಿತಿಯ ಅಧ್ಯಕ್ಷರು ಹುರುಪಿನಿಂದ ನೂರಹತ್ತು ಎಂದರು. ಸುಬ್ಬಯ್ಯನವರು ಇನ್ನೂರು ಎಂದರು. ಅಧ್ಯಕ್ಷರು ಇನ್ನೂರೈವತ್ತು ಎಂದು ನಕ್ಕರು. ಸುಬ್ಬಯ್ಯನವರು ಕೋಲಿನಿಂದ ನೆಲ ಕುಟ್ಟಿ ಐನೂರು ಎಂದಾಗ ಅಂಗಳದಲ್ಲಿ ನಗು ತುಂಬಿತು.

“ಅದೇ ಸೌತೆಕಾಯಿ ಬಾಯಮ್ಮನ ಹಿತ್ತಲಲ್ಲಿ ಇನ್ನೂ ಹತ್ತಿದೆ ರೀ,” ಎಂದು ಗಿರಿಯಮ್ಮ ಗಂಡನ ಕಿವಿಯಲ್ಲಿ ಹೇಳಿದರು. “ಕೇಳಿದ್ರೆ ಸುಮ್ನೆ ಕೊಡ್ತಾಳೆ.”

“ಗೊತ್ತು ಕಣೆ. ಅದ್ಕೇ ಅಲ್ವಾ ಕೂಗಿದ್ದು,” ಎಂದರು ಸುಬ್ಬಯ್ಯನವರು. ಗ್ರೆಗರಿ ಸೌತೆಕಾಯಿ ತಂದು ಅವರ ಮಡಿಲಲ್ಲಿಟ್ಟ. ಹನ್ನೊಂದರ ಬಿಸಿಲು ಏರುತ್ತಿತ್ತು. ಮಗು ಕೈ ಚಾಚಿ ಆ ಹಳದಿ ಪಟ್ಟೆಯನ್ನು ಮುಟ್ಟಲು ನೋಡಿತು. ಅಷ್ಟರಲ್ಲಿ ಮೇಜಿನ ಮೇಲೆ ಹುಂಜ ಕೂಗಿತು, ಏಲಂ ಮುಂದುವರಿಯಿತು.